ಜಾಹೀರಾತಿಗೆ ಕಡಿವಾಣ, ಕ್ರಯದ ಬೆಲೆಗೆ ಬೀಗ

2009ರ ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್‌ನ ಒಂದು ಮನೆಯ ಬೆಲೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಕಾಂಡುಯಿಟ್ ರಸ್ತೆಯ 39ನೇ ನಂಬರಿನ ಹೊಸ ಕಟ್ಟಡದಲ್ಲಿ ಒಂದು ಡ್ಯೂಪ್ಲೆಕ್ಸ್ 43.9 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಮಾರಾಟವಾಗಿದೆ ಎಂದು ಬಿಲ್ಡರ್ ಕಂಪನಿ ಪ್ರಕಟಿಸಿತ್ತು. ಚದರಡಿ ಲೆಕ್ಕದಲ್ಲಿ ಅದು ದಾಖಲೆ ಎಂದು ವರದಿಗಳು ಬಂದವು. ಮನೆ ಇದ್ದದ್ದು 68ನೇ ಮಹಡಿಯಲ್ಲಂತೆ. ಕಟ್ಟಡಕ್ಕೆ ಇದ್ದದ್ದು 46 ಮಹಡಿ. ಶುಭವೆಂದು ನಂಬುವ ಅಂಕಿಗಳಿಗಾಗಿ ನಡುವಿನ ಎಷ್ಟೋ ಸಂಖ್ಯೆಗಳನ್ನು ಹಾರಿಸಿ ಮಹಡಿಗಳಿಗೆ ನಂಬರು ಕೊಟ್ಟಿದ್ದರು. ಮರುವರ್ಷ ಜೂನ್‌ನಲ್ಲಿ ಇನ್ನೊಂದು ಸುದ್ದಿ ಬಂತು: ಅಲ್ಲಿ ಮಾರಾಟವಾಗಿವೆ ಎಂದು ಹೇಳಿದ್ದ 24 ಮನೆಗಳ ಪೈಕಿ 20ರ ವ್ಯವಹಾರ ಮುರಿದುಬಿದ್ದಿದೆ. ದಾಖಲೆ ಬೆಲೆಯ ಮನೆಯೂ ಆ 20ರಲ್ಲಿ ಸೇರಿತ್ತು.

ಇದು ಮೋಸವೋ ಅಲ್ಲವೋ ಎಂಬ ಪ್ರಶ್ನೆ ಬೇರೆ. ನನ್ನನ್ನು ಕಾಡುವುದು ಆ ನಡುವಿನ ತಿಂಗಳುಗಳು. ಕೈಗೂಡದ ಒಂದು ವ್ಯವಹಾರದ ಬೆಲೆ ಅಷ್ಟು ಕಾಲ ನಿಜವಾದ ಬೆಲೆಯಾಗಿ ಓಡಾಡಿತು. ಅದನ್ನು ಓಡಾಡಿಸಿದ್ದು ಜಾಹೀರಾತಲ್ಲ, ಸುದ್ದಿ. ಮಾರುವವನೇ ಹೇಳಿದ ಬೆಲೆಯನ್ನು ತಾಳೆ ನೋಡುವುದು ಕೊಳ್ಳುವವನಿಗಾಗಲಿ ವರದಿಗಾರನಿಗಾಗಲಿ ಸುಲಭವಿರಲಿಲ್ಲ.

ಹಾಂಗ್‌ಕಾಂಗ್ ಇದರಿಂದ ಪಾಠ ಕಲಿಯಿತು. ಹೊಸ ಮನೆಗಳ ಮಾರಾಟಕ್ಕೆಂದೇ ರೂಪಿಸಿದ ಕಾನೂನು 2013ರ ಏಪ್ರಿಲ್ 29ರಂದು ಅಲ್ಲಿ ಜಾರಿಗೆ ಬಂತು. ಅದರ ಒಂದು ಕೈ ಜಾಹೀರಾತನ್ನು ಹಿಡಿಯುತ್ತದೆ. ಅಳತೆ ಹೇಳುವಾಗ ಮನೆಯೊಳಗಿನ ಬಳಕೆಯ ವಿಸ್ತೀರ್ಣವನ್ನೇ ಹೇಳಬೇಕು, ಲಾಬಿ, ಲಿಫ್ಟು ಸೇರಿಸಿ ಉಬ್ಬಿಸುವ ಹಾಗಿಲ್ಲ. ಕಲಾವಿದ ಬರೆದ ಚಿತ್ರ ಹಾಕಿದರೆ ಅದು ಕಲ್ಪನೆಯ ಚಿತ್ರ ಎಂದು ಅಲ್ಲೇ ಬರೆಯಬೇಕು. ಇನ್ನೊಂದು ಕೈ ಬೆಲೆಯನ್ನು ಹಿಡಿಯುತ್ತದೆ. ಪ್ರಾಥಮಿಕ ಕರಾರಿಗೆ ಸಹಿಯಾದ 24 ಗಂಟೆಯೊಳಗೆ ಆ ಮನೆಯ ನಂಬರು, ಬೆಲೆ, ಹಣ ಕಟ್ಟುವ ಷರತ್ತು ಎಲ್ಲವನ್ನೂ ಬಿಲ್ಡರ್ ವ್ಯವಹಾರಗಳ ವಹಿಯಲ್ಲಿ ಬರೆದು ಸಾರ್ವಜನಿಕರಿಗೆ ತೋರಿಸಬೇಕು. ಕೊಂಡವನು ಬಿಲ್ಡರ್‌ಗೆ ಸಂಬಂಧಪಟ್ಟವನೇ ಎಂದು ತಿಳಿಸಲು ಪ್ರತ್ಯೇಕ ಕಾಲಂ ಇದೆ. ವ್ಯವಹಾರ ಮುರಿದರೆ ಅದನ್ನೂ ಬರೆಯಬೇಕು. ಯಾವ ತೂತಿನಿಂದ 2009ರ ಸುದ್ದಿ ನುಗ್ಗಿತ್ತೋ ಆ ತೂತಿಗೆ ಸರಿಯಾಗಿ ಹೊಲಿಗೆ ಹಾಕಿದ ಕಾನೂನು ಅದು.

ಇನ್ನು ನಮ್ಮ ಕಡೆ ಬರೋಣ. ಶನಿವಾರದ ಪತ್ರಿಕೆಯ ಮುಖಪುಟದ ಮೇಲೆ ಹೊದಿಸಿದ ಇನ್ನೊಂದು ಮುಖಪುಟ ನಮಗೆಲ್ಲ ಪರಿಚಿತ. ದೇವನಹಳ್ಳಿಯೋ ಸರ್ಜಾಪುರವೋ ಹೊಸಕೋಟೆಯೋ, ಹೆಸರು ಬದಲಾದರೂ ಚಿತ್ರ ಬದಲಾಗುವುದಿಲ್ಲ. ನೀಲಿ ಈಜುಕೊಳ, ಬೆಂಗಳೂರಿನಲ್ಲಿ ಎಲ್ಲೂ ಕಾಣದಷ್ಟು ಖಾಲಿ ರಸ್ತೆ, ಏರ್‌ಪೋರ್ಟಿಗೆ ಕೆಲವೇ ನಿಮಿಷ ಎಂಬ ಮಾತು. ಕೆಳಗೆ ಭೂತಗನ್ನಡಿ ಬೇಕಾಗುವ ಅಕ್ಷರದಲ್ಲಿ ರೇರಾ ನಂಬರು. ಆ ನಂಬರಾದರೂ ಅಲ್ಲಿ ಬಂದದ್ದು 2016ರ ರಿಯಲ್ ಎಸ್ಟೇಟ್ ಕಾಯ್ದೆಯಿಂದ. ನೋಂದಣಿಯಿಲ್ಲದೆ ಯೋಜನೆಯ ಜಾಹೀರಾತು ಕೊಡುವಂತಿಲ್ಲ ಎಂದು ಅದರ 3ನೇ ಸೆಕ್ಷನ್ ಹೇಳುತ್ತದೆ. ಮೀರಿದರೆ ಯೋಜನಾ ವೆಚ್ಚದ ಶೇಕಡ 10ರವರೆಗೆ ದಂಡ. ಸುಳ್ಳು ಜಾಹೀರಾತು ನಂಬಿ ಹಣ ಕಟ್ಟಿದವನಿಗೆ ಪರಿಹಾರ ಕೊಡಬೇಕೆಂದು 12ನೇ ಸೆಕ್ಷನ್ ಹೇಳುತ್ತದೆ. ಮಹಾರಾಷ್ಟ್ರದ ರೇರಾ 2023ರ ಆಗಸ್ಟ್‌ನಿಂದ ಜಾಹೀರಾತಿನಲ್ಲಿ ಕ್ಯೂಆರ್ ಕೋಡ್ ಕಡ್ಡಾಯ ಮಾಡಿತು. ಹಣ ಪಡೆದು ಹೊಗಳುವ ಇನ್‌ಫ್ಲುಯೆನ್ಸರ್‌ಗಳು ಅದನ್ನು ಬಾಯಿಬಿಟ್ಟು ಹೇಳಬೇಕು ಎಂಬ ಮಾರ್ಗಸೂಚಿಯೂ ಕೇಂದ್ರದಿಂದ ಅದೇ ವರ್ಷ ಬಂದಿದೆ.

ಅಂದರೆ ಹಾಂಗ್‌ಕಾಂಗ್‌ನ ಮೊದಲ ಕೈ ನಮಗೂ ಇದೆ. ಎರಡನೆಯದು ಇಲ್ಲ. ನಮ್ಮ ರೇರಾ ಕಾಯ್ದೆಯ ಪ್ರಕಾರವೂ ಬಿಲ್ಡರ್ ಮೂರು ತಿಂಗಳಿಗೊಮ್ಮೆ ಎಷ್ಟು ಮನೆ ಬುಕ್ ಆಗಿವೆ, ಯಾವ ಬಗೆಯವು ಎಂಬ ಪಟ್ಟಿಯನ್ನು ಪ್ರಾಧಿಕಾರದ ವೆಬ್‌ಸೈಟಿಗೆ ಹಾಕಬೇಕು. ಎಷ್ಟಕ್ಕೆ ಬುಕ್ ಆದವು ಎಂಬ ಕಾಲಂ ಆ ಪಟ್ಟಿಯಲ್ಲಿಲ್ಲ. ಕೊಳ್ಳಲು ಹೋದವನು ಮೊದಲು ಕೇಳುವ ಪ್ರಶ್ನೆಗೇ ಕಾನೂನು ಬಾಯಿ ಬಿಡುವುದಿಲ್ಲ.

ಸರ್ಕಾರಕ್ಕೆ ಆ ಉತ್ತರ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಯಾವುದಾದರೂ ಸೈಟಿನ ಇಸಿ ತೆಗೆಸಿ ನೋಡಿ. ನಮೂನೆ 15 ಎನ್ನುವ ಆ ಋಣಭಾರ ಪತ್ರದಲ್ಲಿ ಮೊದಲು ಆಸ್ತಿಯ ವಿವರ ಇರುತ್ತದೆ: ಸೈಟ್ ನಂಬರು, ಉದ್ದಗಲ, ನಾಲ್ಕು ದಿಕ್ಕಿನ ಚಕ್ಕುಬಂದಿ. ಪಕ್ಕದಲ್ಲಿ ದಸ್ತಾವೇಜು ಬರೆದ ದಿನಾಂಕ. ಅದರ ಪಕ್ಕದಲ್ಲಿ ಕ್ರಯವೋ ದಾನವೋ ಆಧಾರವೋ ಎಂಬುದು, ಅದಕ್ಕಂಟಿಕೊಂಡಂತೆ ಎರಡು ಮೊತ್ತ. ಒಂದು ಸರ್ಕಾರ ಲೆಕ್ಕ ಹಾಕಿದ ಮಾರುಕಟ್ಟೆ ಮೌಲ್ಯ, ಇನ್ನೊಂದು ಕೊಂಡವರು ಕೊಟ್ಟೆವೆಂದು ಬರೆಸಿದ ಪ್ರತಿಫಲದ ಮೊಬಲಗು. ಆಮೇಲೆ ಬರೆದುಕೊಟ್ಟವರು, ಬರೆಸಿಕೊಂಡವರು, ದಸ್ತಾವೇಜಿನ ಸಂಖ್ಯೆ. ಅಂಗೈಯಗಲದ ಆ ಸಾಲಿನಲ್ಲಿ ಒಂದು ಬೀದಿಯ ಬೆಲೆ ತಿಳಿಯಲು ಬೇಕಾದದ್ದೆಲ್ಲ ಇದೆ. ಆದರೆ ಅದು ಸಿಗುವುದು ಒಂದೊಂದು ಆಸ್ತಿಗೆ ಒಂದೊಂದಾಗಿ, ಅರ್ಜಿ ಹಾಕಿ, ಶುಲ್ಕ ಕಟ್ಟಿದ ಮೇಲೆ, ಆಸ್ತಿಯ ವಿವರ ಮೊದಲೇ ಗೊತ್ತಿದ್ದವರಿಗೆ. ಇದೇ ಬೀದಿಯಲ್ಲಿ ಕಳೆದ ವರ್ಷ ಏನೇನು ಮಾರಾಟವಾಯಿತು ಎಂದು ಕೇಳುವವನಿಗೆ ಬ್ರೋಕರ್ ಹೇಳಿದ್ದೇ ವೇದ.

ಇದು ಗುಟ್ಟಿನ ದಾಖಲೆಯೂ ಅಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಓದಿ. ಸ್ಥಿರಾಸ್ತಿಯ ಕ್ರಯಗಳೆಲ್ಲ ದಾಖಲಾಗುವ 1ನೇ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು ಎಂದು ಬ್ರಿಟಿಷರ ಕಾಲದ ಆ ಕಾನೂನೇ ಹೇಳಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಪ್ಪ ಪುಸ್ತಕಗಳಿದ್ದ ಕಾಲದಲ್ಲಿ ಆ ಹಕ್ಕಿಗೆ ಕೈಕಾಲು ಇರಲಿಲ್ಲ, ಸರಿ. ಈಗ ನೋಂದಣಿಗೆ ಕಾವೇರಿ 2.0 ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಕ್ರಯಪತ್ರದ ಪ್ರತಿಯೊಂದು ವಿವರವೂ ಕಂಪ್ಯೂಟರಿಗೆ ಹೋಗುತ್ತದೆ. ಹಕ್ಕು ಇನ್ನೂ ಪುಸ್ತಕದ ಕಾಲದಲ್ಲೇ ಕೂತಿದೆ.

ಕರ್ನಾಟಕ ಹೀಗೆ ಕೂರಬೇಕಾದ ರಾಜ್ಯವಲ್ಲ. ಭೂಮಿ ಯೋಜನೆಯಲ್ಲಿ ಪಹಣಿಯನ್ನು ಗಣಕೀಕರಿಸಿ ಇಡೀ ದೇಶಕ್ಕೆ ದಾರಿ ತೋರಿಸಿದ್ದು ನಾವೇ. ಇವತ್ತು ಸರ್ವೆ ನಂಬರು ಗೊತ್ತಿದ್ದರೆ ಯಾವ ಊರಿನ ಯಾವ ರೈತನ ಹೊಲದ ವಿಸ್ತೀರ್ಣ ಎಷ್ಟು, ಬೆಳೆ ಏನು, ಬ್ಯಾಂಕಿನ ಸಾಲ ಎಷ್ಟು ಎಂದು ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಬಹುದು. ದಿಶಾಂಕ್ ಆ್ಯಪ್ ಇಟ್ಟುಕೊಂಡು ಗದ್ದೆಯ ಬದುವಿನ ಮೇಲೆ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಎಂದು ತಿಳಿಯುತ್ತದೆ. ರೈತನ ಹೆಸರೂ ಸಾಲವೂ ಬಯಲಲ್ಲಿರುವಾಗ, ಹೆಸರೇ ಬೇಡ, ನಗರದ ಒಂದು ಅಪಾರ್ಟ್‌ಮೆಂಟಿನ ಬೆಲೆಯಷ್ಟೇ ತೋರಿಸಿ ಎಂದರೆ ಖಾಸಗಿತನದ ಮಾತು ಬರುತ್ತದೆ. ಈ ತಾರತಮ್ಯ ನನಗೆ ಒಪ್ಪಿಗೆಯಿಲ್ಲ.

ಖಾಸಗಿತನ ಹಗುರವಾದ ವಿಷಯವೆಂದು ನಾನು ಹೇಳುತ್ತಿಲ್ಲ. ಮುಂಬೈಯನ್ನೇ ನೋಡಿ. ಮಹಾರಾಷ್ಟ್ರದಲ್ಲಿ ನೋಂದಣಿಯ ಇಂಡೆಕ್ಸ್ 2 ಆನ್‌ಲೈನಿನಲ್ಲಿ ಹುಡುಕಿದರೆ ಸಿಗುತ್ತದೆ, ಹೆಸರೂ ಬೆಲೆಯೂ ಸಮೇತ. ಅದನ್ನು ಖಾಸಗಿ ಕಂಪನಿಗಳು ಕಲೆಹಾಕಿ ಮಾರುತ್ತವೆ. ಓದುಗನಿಗೆ ತಲುಪುವುದೇನು? ಯಾವ ನಟ ಬಾಂದ್ರಾದಲ್ಲಿ ಎಷ್ಟು ಕೋಟಿಯ ಮನೆ ಕೊಂಡ, ಯಾವ ನಟಿ ಎಷ್ಟಕ್ಕೆ ಮಾರಿದಳು, ಮುದ್ರಾಂಕ ಶುಲ್ಕ ಎಷ್ಟು ಕಟ್ಟಿದರು. ಡೊಂಬಿವಲಿಯಲ್ಲಿ ಮನೆ ಹುಡುಕುವ ಗುಮಾಸ್ತನಿಗೆ ಬೇಕಾದ ಬೆಲೆ ಆ ದತ್ತಾಂಶದಲ್ಲೇ ಇದ್ದರೂ ಸುದ್ದಿಯಾಗುವುದಿಲ್ಲ. ಬಯಲಾಗಬಾರದ್ದು ಬಯಲಾಗಿ, ಆಗಬೇಕಾದದ್ದು ಹಣ ಕೊಟ್ಟವರ ಪಾಲಾಯಿತು.

ಇದಕ್ಕೆ ಬೇರೆ ಕಡೆ ಉತ್ತರ ಕಂಡುಕೊಂಡಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1995ರ ಜನವರಿಯಿಂದ ಈಚೆಗೆ ನೋಂದಣಿಯಾದ ಮನೆ ಮಾರಾಟಗಳ ಬೆಲೆಯನ್ನು ಅಲ್ಲಿಯ ಭೂ ನೋಂದಣಿ ಕಚೇರಿ ತಿಂಗಳು ತಿಂಗಳೂ ಉಚಿತವಾಗಿ ಕೊಡುತ್ತದೆ. ಮನೆ ನಂಬರು, ಬೀದಿ, ಪಿನ್ ಕೋಡು, ತಾರೀಖು, ಬೆಲೆ, ಹೊಸದೋ ಹಳೆಯದೋ ಎಂಬುದೆಲ್ಲ ಅದರಲ್ಲಿದೆ. ಮಾರಿದವರ, ಕೊಂಡವರ ಹೆಸರಿಲ್ಲ. ಸಿಂಗಪುರ ಇನ್ನೂ ಒಂದು ಹೆಜ್ಜೆ ಎಚ್ಚರ ವಹಿಸಿದೆ. ಸರ್ಕಾರಿ ವಸತಿ ಮಂಡಳಿಯ ಮನೆಗಳ ಮರುಮಾರಾಟದ ಪಟ್ಟಿಯಲ್ಲಿ ಬ್ಲಾಕ್ ನಂಬರು, ಬೀದಿ, ಬೆಲೆ ಕೊಟ್ಟು, ಮಹಡಿಯನ್ನು ಮಾತ್ರ 10ರಿಂದ 12 ಎಂಬಂತೆ ಒಂದು ಅಂತರದಲ್ಲಿ ತೋರಿಸುತ್ತಾರೆ. ಯಾರ ಮನೆ ಎಂದು ಬೆರಳಿಟ್ಟು ಹೇಳಲಾಗದು, ರೇಟು ಮಾತ್ರ ಸ್ಪಷ್ಟ.

ನಮ್ಮಲ್ಲಿ ಬೆಲೆಯ ಅಂಕಿಅಂಶವೇ ಇಲ್ಲವೆಂದಲ್ಲ. ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ರೆಸಿಡೆಕ್ಸ್ ಇದೆ, 2007ರಲ್ಲಿ ಶುರುವಾದದ್ದು, ಬೆಂಗಳೂರು ಆಗಿನಿಂದಲೂ ಅದರಲ್ಲಿದೆ. ರಾಜ್ಯಗಳ ನೋಂದಣಿ ಇಲಾಖೆಗಳಿಂದಲೇ ಮಾಹಿತಿ ತರಿಸಿಕೊಂಡು ರಿಸರ್ವ್ ಬ್ಯಾಂಕ್ ತಯಾರಿಸುವ ಮನೆ ಬೆಲೆ ಸೂಚ್ಯಂಕವೂ ಇದೆ. ಆದರೆ ಇಡೀ ಬೆಂಗಳೂರಿಗೆ ಒಂದು ಸೂಚ್ಯಂಕ ಇಟ್ಟುಕೊಂಡು ಕೆಂಗೇರಿಯಲ್ಲಿ 30×40 ಸೈಟು ಕೊಳ್ಳುವವನು ಏನು ಮಾಡಬೇಕು? ಆ ತೆರವನ್ನು ತುಂಬುವವರು ಮನೆ ಮಾರಿಸಿ ಕಮಿಷನ್ ಪಡೆಯುವ ಸಲಹಾ ಸಂಸ್ಥೆಗಳೇ. ಮೂರು ತಿಂಗಳಿಗೊಮ್ಮೆ ಅವರ ವರದಿ ಬರುತ್ತದೆ, ಅದರ ತಲೆಬರಹವೇ ಪತ್ರಿಕೆಯ ತಲೆಬರಹವಾಗುತ್ತದೆ. ವರದಿಗಾರರನ್ನು ಮಾತ್ರ ದೂರಿ ಫಲವಿಲ್ಲ. ತಾಳೆ ನೋಡಲು ಅವರ ಬಳಿ ಇನ್ನೊಂದು ಲೆಕ್ಕ ಇಲ್ಲ.

ಜಾಹೀರಾತು ಮತ್ತು ಸುದ್ದಿಯ ನಡುವಿನ ಗೋಡೆ ನಮ್ಮಲ್ಲಿ ಎಷ್ಟು ತೆಳುವಾಗಿದೆ ಎಂಬುದಕ್ಕೆ ಹಳೆಯ ಸಾಕ್ಷಿ ಇದೆ. ಕಂಪನಿಗಳಿಂದ ಷೇರು ಪಡೆದು ಪ್ರತಿಯಾಗಿ ಜಾಹೀರಾತಿನ ಜಾಗ ಕೊಡುವ ಒಪ್ಪಂದಗಳು ಮಾಧ್ಯಮ ಸಂಸ್ಥೆಗಳಲ್ಲಿ ಹೆಚ್ಚಿದಾಗ ಷೇರುಪೇಟೆಯ ನಿಯಂತ್ರಕ ಸೆಬಿ ಮಧ್ಯ ಪ್ರವೇಶಿಸಬೇಕಾಯಿತು. ಅಂಥ ಕಂಪನಿಯ ಬಗ್ಗೆ ಬರೆಯುವಾಗ ಅದರಲ್ಲಿ ತಮಗಿರುವ ಪಾಲನ್ನು ಓದುಗರಿಗೆ ತಿಳಿಸಬೇಕೆಂಬ ಕಟ್ಟಳೆ 2010ರಲ್ಲಿ ಬಂತು. ಇಂಥ ನಿಯಂತ್ರಣವನ್ನು ನಾನು ಒಪ್ಪುತ್ತೇನೆ. ಹಣ ಯಾರದ್ದು ಎಂದು ಹೇಳಿಸುವುದು ಸರ್ಕಾರದ ಕೆಲಸ. ಬೆಲೆ ಇಳಿದಿದೆ ಎಂದು ಬರೆಯಬೇಡಿ, ಮಾರುಕಟ್ಟೆ ಕುಸಿಯುತ್ತದೆ ಎನ್ನುವುದು ಸರ್ಕಾರದ ಕೆಲಸವಲ್ಲ. 2011ರ ಆರಂಭದಲ್ಲಿ ಚೀನಾದ ಅಂಕಿಅಂಶ ಇಲಾಖೆ ರಾಷ್ಟ್ರಮಟ್ಟದ ಸರಾಸರಿ ಮನೆ ಬೆಲೆಯನ್ನು ಪ್ರಕಟಿಸುವುದನ್ನೇ ನಿಲ್ಲಿಸಿ, 70 ನಗರಗಳ ಅಂಕಿಯನ್ನು ಬಿಡಿಬಿಡಿಯಾಗಿ ಕೊಡತೊಡಗಿತು. ಬೇಕಾದವರು ಸರಾಸರಿಯನ್ನು ತಾವೇ ಕಟ್ಟಿಕೊಂಡರು. ಮುಚ್ಚಿಟ್ಟ ಅಂಕಿಯ ಜಾಗದಲ್ಲಿ ಊಹೆಯ ಅಂಕಿ ಬೆಳೆಯುತ್ತದೆ, ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಗಟ್ಟಿಯಾಗಿಯೇ ಉಳಿಯುತ್ತದೆ. ಕ್ರಯಪತ್ರದಲ್ಲಿ ಬರೆಸುವ ಬೆಲೆ ನಿಜವೇ? ಎಷ್ಟು ವೈಟು, ಎಷ್ಟು ಬ್ಲ್ಯಾಕು ಎಂಬ ಮಾತು ಅಗ್ರಿಮೆಂಟಿಗೆ ಮುಂಚೆ ನಡೆಯುವುದು ಎಲ್ಲರಿಗೂ ಗೊತ್ತು. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಗದಿನ ಮುಂಗಡವನ್ನು ಆದಾಯ ತೆರಿಗೆ ಕಾಯ್ದೆ 2015ರಿಂದ ನಿಷೇಧಿಸಿದೆ, 50 ಲಕ್ಷ ಮತ್ತು ಮೇಲಿನ ಕ್ರಯಕ್ಕೆ ಶೇಕಡ 1 ಟಿಡಿಎಸ್ ಅದಕ್ಕೂ ಮೊದಲೇ ಬಂದಿದೆ. ಆದರೂ ಸರ್ಕಾರದ ಮಾರ್ಗಸೂಚಿ ದರಕ್ಕೆ, ಅಂದರೆ ಗೈಡೆನ್ಸ್ ವ್ಯಾಲ್ಯೂಗೆ, ಸರಿಯಾಗಿ ಬರೆಸಿ ಉಳಿದದ್ದನ್ನು ಕೈಗೆ ಕೊಡುವ ರೂಢಿ ಸತ್ತಿಲ್ಲ. ಹಾಗಾದರೆ ಸುಳ್ಳು ಬೆಲೆಗಳ ಪಟ್ಟಿಯನ್ನು ಪ್ರಕಟಿಸಿ ಏನು ಪ್ರಯೋಜನ ಎಂದು ಕೇಳಬಹುದು. ನನ್ನ ಉತ್ತರ ಇಷ್ಟು. ಬ್ಯಾಂಕ್ ಸಾಲದಲ್ಲಿ ಕೊಳ್ಳುವ ಅಪಾರ್ಟ್‌ಮೆಂಟುಗಳಲ್ಲಿ ಬರೆಸುವ ಬೆಲೆ ನಿಜಕ್ಕೆ ಹತ್ತಿರ ಇರುತ್ತದೆ, ಸೈಟುಗಳಲ್ಲಿ ದೂರ. ಒಂದೇ ಬಡಾವಣೆಯ ಹತ್ತು ಕ್ರಯಗಳು ಒಟ್ಟಿಗೆ ಕಣ್ಣಿಗೆ ಬಿದ್ದರೆ ಯಾವುದು ಗೈಡೆನ್ಸ್ ವ್ಯಾಲ್ಯೂಗೆ ಅಂಟಿಕೊಂಡಿದೆ, ಯಾವುದು ಅದನ್ನು ಮೀರಿದೆ ಎಂದು ಓದಬಲ್ಲವರಿಗೆ ತಿಳಿಯುತ್ತದೆ. ಸುಳ್ಳು ಬರೆಸುವವನಿಗೂ ನಾಳೆ ನೆರೆಮನೆಯವರು ನೋಡುತ್ತಾರೆ ಎಂಬ ಅಳುಕು ಇರುತ್ತದೆ. ಬೆಲೆಗಳು ಕತ್ತಲಲ್ಲಿದ್ದರೆ ಇದ್ಯಾವುದೂ ಆಗುವುದಿಲ್ಲ.

ಇದರ ಬಿಸಿ ನೇರವಾಗಿ ತಟ್ಟುವ ಜಾಗ ಗೈಡೆನ್ಸ್ ವ್ಯಾಲ್ಯೂ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಹೊಸ ಮಾರ್ಗಸೂಚಿ ದರ ಬಂತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡ 1ರಿಂದ 2ಕ್ಕೆ ಏರಿತು. 45 ಲಕ್ಷ ಮೀರಿದ ಕ್ರಯಕ್ಕೆ ಶೇಕಡ 5 ಮುದ್ರಾಂಕ ಶುಲ್ಕ ಬೇರೆ. ಇಷ್ಟು ಹಣ ನಿಂತಿರುವುದು ಇಲಾಖೆ ಬೀದಿ ಬೀದಿಗೆ ಕಟ್ಟುವ ಆ ಒಂದು ದರದ ಮೇಲೆ. ದರ ಪರಿಷ್ಕರಿಸುವಾಗ ಕರಡು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತಾರೆ. ಆಕ್ಷೇಪಣೆ ಬರೆಯಲು ಕೂತ ನಿವೃತ್ತ ಶಿಕ್ಷಕರ ಮುಂದೆ ಏನಿರುತ್ತದೆ? ತಮ್ಮ ಬೀದಿಗೆ ನಿಗದಿಯಾದ ಚದರ ಮೀಟರಿನ ದರ ಮಾತ್ರ. ಅದು ಹೆಚ್ಚಾಯಿತು ಎನ್ನಲು ಅವರಿಗೆ ಆಧಾರವಿಲ್ಲ, ಸರಿ ಎನ್ನಲೂ ಇಲ್ಲ. ಆ ಬೀದಿಯ ಕ್ರಯಗಳು ಇಲಾಖೆಯ ಕಂಪ್ಯೂಟರಿನಲ್ಲೇ ಇವೆ. ಮುಂದಿನ ಕರಡಿನ ಜೊತೆಗೆ ಹಿಂದಿನ 2 ವರ್ಷಗಳ ಕ್ರಯಗಳ ಪಟ್ಟಿಯನ್ನೂ ಹೊರಡಿಸಲಿ: ಬೀದಿ, ವಿಸ್ತೀರ್ಣ, ತಾರೀಖು, ಬೆಲೆ. ಹೆಸರು ಬೇಡ, ಸೈಟ್ ನಂಬರೂ ಬೇಡ. ಹೀಗೆ ಕೊಡುವುದಕ್ಕೆ 1908ರ ಕಾಯ್ದೆಯಲ್ಲಿ ನನಗೆ ಯಾವ ಅಡ್ಡಿಯೂ ಕಾಣುವುದಿಲ್ಲ. ಮೊದಲು ಬೆಂಗಳೂರಿನ ಒಂದೆರಡು ಸಬ್ ರಿಜಿಸ್ಟ್ರಾರ್ ಕಚೇರಿಗಳ ವ್ಯಾಪ್ತಿಯಲ್ಲಾದರೂ ಕೊಟ್ಟು ನೋಡಲಿ.