ವೀಸಾ ಬೇಡ, ಸರಿ. ಮಗಳ ಪಾಸ್‌ಪೋರ್ಟ್ ನೋಡಿದಿರಾ?

ನಂತೂರು ಸರ್ಕಲ್‌ನಿಂದ ಕೆಪಿಟಿ, ಯೆಯ್ಯಾಡಿ ದಾಟಿ ಬಜ್ಪೆಗೆ ಹೋಗುವ ದಾರಿ ನಮ್ಮ ಮನೆಗಳ ಪಾಲಿಗೆ ಗಲ್ಫ್‌ನ ದಾರಿ. ಕಳುಹಿಸುವುದಕ್ಕೆ, ಕರೆತರುವುದಕ್ಕೆ ಮಾತ್ರ ಹೋಗುತ್ತಿದ್ದವರು ಈಗ ಮನೆಮಂದಿಯೊಂದಿಗೆ ಟೂರ್‌ಗೂ ಹೊರಡುತ್ತಿದ್ದಾರೆ. ನಂತೂರಿನ ಒಂದು ಮನೆಗೆ ರಜೆಯಲ್ಲಿ ಬಂದ ಮಗ ತಾಯಿಗೆ ಹೇಳಿದ್ದೂ ಅದನ್ನೇ: "ಉಮ್ಮಾ, ಈ ಸಲ ಮಾಲ್ದೀವ್ಸ್‌ಗೆ ಹೋಗುವ. ವೀಸಾದ ರಗಳೆಯೇ ಇಲ್ಲ."

ಮಾತು ನಿಜ. 2018ರ ಡಿಸೆಂಬರ್‌ನಲ್ಲಿ ಎರಡು ದೇಶಗಳ ನಡುವೆ ಆದ ಒಪ್ಪಂದದಿಂದ ಭಾರತೀಯರು ಪ್ರವಾಸಕ್ಕೆಂದು 90 ದಿನದವರೆಗೆ ವೀಸಾ ಇಲ್ಲದೆ ಅಲ್ಲಿರಬಹುದು. ಆದರೆ ವೀಸಾ ಇಲ್ಲ ಎಂದರೆ ಕೇಳುವವರೇ ಇಲ್ಲ ಎಂದಲ್ಲ. ವಾಪಸ್ ಟಿಕೆಟ್, ಉಳಿಯುವ ಜಾಗದ ಬುಕಿಂಗ್, ಖರ್ಚಿಗೆ ಹಣ ಇದೆಯೇ ಎಂದು ಮಾಲೆಯ ಇಮಿಗ್ರೇಶನ್ ನೋಡುತ್ತದೆ. ಪಾಸ್‌ಪೋರ್ಟ್‌ಗೆ ಕನಿಷ್ಠ ಒಂದು ತಿಂಗಳ ಅವಧಿ ಇರಬೇಕು. ಆರು ತಿಂಗಳು ಇದ್ದರೆ ವಿಮಾನದ ಕೌಂಟರ್‌ನಲ್ಲಿ ಚರ್ಚೆಗೆ ಜಾಗವಿಲ್ಲ.

ಆ ಮನೆಯವರು ಎಡವಿದ್ದು ಪಾಸ್‌ಪೋರ್ಟ್‌ನಲ್ಲೇ. ಬೆಂಗಳೂರಿನಿಂದ ಮಾಲೆಗೆ ಐದು ಟಿಕೆಟ್ ಆಗಿತ್ತು. ಕಪಾಟು ತೆಗೆದು ನೋಡಿದರೆ ಸಣ್ಣ ಮಗಳ ಪಾಸ್‌ಪೋರ್ಟ್ ಮುಗಿದು ನಾಲ್ಕು ತಿಂಗಳಾಗಿದೆ! ದೊಡ್ಡವರದ್ದು 10 ವರ್ಷದ್ದು. ಇಕಾಮಾ, ರೀ-ಎಂಟ್ರಿ ಎಂದು ಗಂಡಸರಿಗೆ ತಮ್ಮ ತಾರೀಕು ಬಾಯಿಪಾಠ. ಮಕ್ಕಳದ್ದು 5 ವರ್ಷಕ್ಕೇ ಮುಗಿಯುತ್ತದೆ, ಅದನ್ನು ಯಾರೂ ನೋಡುವುದಿಲ್ಲ. "ಆಧಾರ್ ಸಾಕಂತೆ, ಅವರೆಲ್ಲ ಹಾಗೇ ಹೋಗಿ ಬಂದರಲ್ಲಾ" ಎಂದು ಯಾರೋ ಧೈರ್ಯ ಹೇಳಿದರಂತೆ. ಅವರು ಹೋಗಿ ಬಂದದ್ದು ನೇಪಾಳಕ್ಕೆ. ಅಲ್ಲಿಗೆ 15 ವರ್ಷದೊಳಗಿನವರಿಗೂ 65 ದಾಟಿದವರಿಗೂ ಆಧಾರ್ ನಡೆಯುತ್ತದೆ, ಉಳಿದವರಿಗೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು. ಮಾಲ್ದೀವ್ಸ್‌ಗೆ ಕೈಕೂಸಿಗೂ ಅದರದ್ದೇ ಪಾಸ್‌ಪೋರ್ಟ್.

ಇನ್ನೊಂದು ಕೆಲಸ 'ಇಮುಗಾ' ಎಂಬ ಆನ್‌ಲೈನ್ ಫಾರ್ಮ್. ಹೋಗುವಾಗಲೂ ಬರುವಾಗಲೂ, ವಿಮಾನದ ಹೊತ್ತಿಗೆ 96 ಗಂಟೆಯೊಳಗೆ, ತಲೆಗೊಂದರಂತೆ ತುಂಬಬೇಕು. ಇದು ಪೂರ್ತಿ ಉಚಿತ. ಡಾಲರ್ ಕೇಳಿದರೆ ಅದು ಸರಕಾರದ ಸೈಟ್ ಅಲ್ಲ.

"ವೀಸಾ ಬೇಡವಲ್ಲ, ಹೋಗಿ ಅಲ್ಲೇ ಕೆಲಸ ಹುಡುಕು" ಎಂದು ಹುಡುಗರಿಗೆ ಹೇಳುವವರೂ ಇದ್ದಾರೆ. ಕೇಳಬೇಡಿ. ಕೆಲಸಕ್ಕೆ ಬೇರೆಯೇ ಪರ್ಮಿಟ್ ಇದೆ, ಅದು ಹೊರಡುವ ಮೊದಲೇ ಕೈಯಲ್ಲಿರಬೇಕು. ಟೂರಿಸ್ಟ್ ಆಗಿ ಹೋಗಿ ದುಡಿದವನ ಸಂಬಳಕ್ಕೂ ಗ್ಯಾರಂಟಿ ಇಲ್ಲ, ವಾಪಸಾತಿಗೂ ಇಲ್ಲ. ಬಾಗಿಲು ಯಾವಾಗಲೂ ತೆರೆದೇ ಇರುತ್ತದೆಂದೂ ಅಲ್ಲ. 2021ರಲ್ಲಿ ಸೌದಿಗೆ ನೇರ ದಾರಿ ಮುಚ್ಚಿದ್ದಾಗ ಅನೇಕರು 14 ದಿನ ಮಾಲೆಯಲ್ಲಿ ಕಳೆದು ಹೋದರು. ಮೇ ತಿಂಗಳಲ್ಲಿ ಆ ಬಾಗಿಲೂ ಮುಚ್ಚಿತು.

ತಮಾಷೆಯೆಂದರೆ, ನಮ್ಮದೇ ಲಕ್ಷದ್ವೀಪಕ್ಕೆ ಹೋಗಲು ಮೊದಲೇ ಪರ್ಮಿಟ್ ಬೇಕು. ಅಮಿನಿ, ಕಡಮತ್, ಕಿಲ್ತಾನ್ ಎಲ್ಲ 1956ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದವು. ಇಬ್ನ್ ಬತೂತ 14ನೇ ಶತಮಾನದಲ್ಲಿ ಮಂಗಳೂರು ನೋಡಿ, ಮುಂದೆ ಮಾಲ್ದೀವ್ಸ್‌ನಲ್ಲಿ ಖಾಝಿಯೇ ಆಗಿದ್ದ. ಅವನಿಗೆ ಈ ಫಾರ್ಮ್‌ಗಳಿರಲಿಲ್ಲ.

ರೆಸಾರ್ಟ್ ದುಬಾರಿಯಾದರೆ ಮಾಫುಶಿಯಂಥ ಊರ ದ್ವೀಪಗಳಲ್ಲಿ ಗೆಸ್ಟ್‌ಹೌಸ್‌ಗಳಿವೆ. ಊಟದ ಚಿಂತೆಯಿಲ್ಲ, ಮಸೀದಿ ನಡೆದು ಹೋಗುವಷ್ಟು ಹತ್ತಿರ. ಶುಕ್ರವಾರ ಸರಕಾರಿ ಫೆರಿ ಇರುವುದಿಲ್ಲ, ಆ ದಿನ ದ್ವೀಪ ಬದಲಿಸುವ ಲೆಕ್ಕ ಹಾಕಬೇಡಿ.

ನಂತೂರಿನ ಮನೆಯವರು ಟಿಕೆಟ್ ರದ್ದು ಮಾಡಿದರು. ಮಗಳ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಸ್ಪೆಲ್ಲಿಂಗ್ ಬೇರೆ, ಆಧಾರ್‌ನಲ್ಲಿ ಬೇರೆ. ತಿದ್ದಿಸುವುದಕ್ಕೇ ದಿನಗಳು ಹೋದವು. ಅರ್ಜಿಗೆ ತಂದೆ, ತಾಯಿ ಇಬ್ಬರ ಸಹಿಯೂ ಬೇಕಾದ್ದರಿಂದ ಅವರು ಊರಲ್ಲಿದ್ದದ್ದು ಒಳ್ಳೆಯದೇ ಆಯಿತು. ಹೊಸ ಪಾಸ್‌ಪೋರ್ಟ್ ಅಂಚೆಯಲ್ಲಿ ಮನೆಗೆ ಬಂದಾಗ ಅವರು ಜುಬೈಲ್‌ಗೆ ಮರಳಿ ಒಂಬತ್ತು ದಿನ ಆಗಿತ್ತು.