ಹೊಂಗೆ ಎಣ್ಣೆ ಡೀಸೆಲ್ ಟ್ಯಾಂಕಿಗೆ ಆಗುತ್ತದೆಯೇ?



ಡೀಸೆಲ್ ಬೆಲೆ ಏರಿದಾಗಲೆಲ್ಲ ಊರಿನ ಹೊಂಗೆ ಎಣ್ಣೆ ನೆನಪಾಗುವುದು ಸಹಜ. ದೀಪದಲ್ಲಿ ಚೆನ್ನಾಗಿ ಉರಿಯುವ ಎಣ್ಣೆಯನ್ನು ಗಾಡಿಗೇಕೆ ಸುರಿಯಬಾರದು?

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಪಿಸ್ಟನ್ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಆಗ ಇಂಜೆಕ್ಟರ್ ಇಂಧನವನ್ನು ಮಂಜಿನಂತೆ ಸಿಂಪಡಿಸುತ್ತದೆ. ಹನಿಗಳು ಆವಿಯಾಗಿ, ಗಾಳಿಯೊಡನೆ ಬೆರೆತು, ತಾವಾಗಿಯೇ ಹೊತ್ತಿಕೊಳ್ಳಬೇಕು. ಇದಕ್ಕೆಲ್ಲ ಸಿಗುವುದು ಕೆಲವೇ ಮಿಲಿಸೆಕೆಂಡು!

ಹೊಂಗೆ ಎಣ್ಣೆಯ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು. ಹಾಗಾಗಿ ಅದು ನುಣ್ಣಗೆ ಸಿಡಿಯದೆ ದೊಡ್ಡ ಹನಿಗಳಾಗಿ ಬೀಳುತ್ತದೆ. ಆವಿಯಾಗಲು ಹೆಚ್ಚು ಬಿಸಿಯೂ ಬೇಕು. ಪೂರ್ತಿ ಉರಿಯದ ಎಣ್ಣೆ ಇಂಜೆಕ್ಟರ್ ಬಾಯಿಗೆ ಮಸಿಯಾಗಿ ಅಂಟುತ್ತದೆ. ಕೆಳಗಿಳಿದು ಎಂಜಿನ್ ಆಯಿಲನ್ನೂ ಕೆಡಿಸುತ್ತದೆ. ಪ್ರತಿ ಕಿಲೋಗೆ ಸಿಗುವ ಶಾಖವೂ ಡೀಸೆಲ್‌ಗಿಂತ ಕಡಿಮೆ.

ಹಾಗೆಂದು ಎಣ್ಣೆಯಿಂದ ಎಂಜಿನ್ ಓಡುವುದೇ ಇಲ್ಲವೆಂದಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲೇ ಓಡಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಜನರೇಟರ್ ನಡೆಸಿ ತೋರಿಸಿದರು. ಒಂದೇ ವೇಗದಲ್ಲಿ ಓಡುವ ಜನರೇಟರ್ ಸದಾ ಬಿಸಿಯಾಗಿರುತ್ತದೆ. ಸಿಗ್ನಲ್‌ಗೊಮ್ಮೆ ನಿಲ್ಲುವ ಕಾರು ಹಾಗಲ್ಲ. ಇಂದಿನ ಕಾರುಗಳ ಇಂಜೆಕ್ಟರ್ ರಂಧ್ರಗಳಂತೂ ಕೂದಲೆಳೆಯಷ್ಟು ಸಣ್ಣವು.

ಎಣ್ಣೆಯನ್ನು ಮೆಥನಾಲ್ ಜೊತೆ ಸಂಸ್ಕರಿಸಿ ಗ್ಲಿಸರಿನ್ ಬೇರ್ಪಡಿಸಿದರೆ ಬಯೋಡೀಸೆಲ್ ಸಿಗುತ್ತದೆ. ಅದರ ಸ್ನಿಗ್ಧತೆ ಡೀಸೆಲ್‌ಗೆ ಹತ್ತಿರ. ಅದನ್ನೂ ಗಾಡಿಯ ಕೈಪಿಡಿ ಒಪ್ಪುವಷ್ಟೇ ಬೆರೆಸಿ. ಹಸಿ ಎಣ್ಣೆ ಮಾತ್ರ ದೀಪಕ್ಕೇ ಇರಲಿ.