ಬೆಲ್ಲದ ಬಣ್ಣ ಮತ್ತು ದುಡಿಮೆಯ ಬರಕತ್

ಮಂಡ್ಯ ಬೆಲ್ಲಕ್ಕೆ ನಾಡಿನೆಲ್ಲೆಡೆ ಹೆಸರಿದೆ. ಶ್ರೀರಂಗಪಟ್ಟಣ ತಾಲೂಕಿನ ಬಾಬುರಾಯನಕೊಪ್ಪಲು ಇರುವುದು ಇದೇ ಕಬ್ಬಿನ ಸೀಮೆಯಲ್ಲಿ. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಮಂಡ್ಯಕ್ಕೆ ಗುರುತಿಸಿರುವುದೂ ಬೆಲ್ಲವನ್ನೇ. ಆದರೆ ಆಲೆಮನೆಯಿಂದ ಅಂಗಡಿಯವರೆಗೆ ಈ ಬೆಲ್ಲದ ಜೊತೆ ಒಂದು ಪ್ರಶ್ನೆಯೂ ಬರುತ್ತದೆ: ಬಣ್ಣ ಮುಖ್ಯವೋ, ಸತ್ಯ ಮುಖ್ಯವೋ?

ಕಬ್ಬಿನ ಹಾಲಿಗೆ ಬೆಂಡೆ ಗಿಡದ ಲೋಳೆ, ಸುಣ್ಣ ಹಾಕಿ, ಕೊಳೆ ತೆಗೆದು, ಕೊಪ್ಪರಿಗೆಯಲ್ಲಿ ಕಾಯಿಸಿದರೆ ಸಿಗುವ ಬೆಲ್ಲ ಸಾಮಾನ್ಯವಾಗಿ ಕಂದು. ಗಿರಾಕಿಗೆ ಬೇಕಾದದ್ದು ಹೊಳೆಯುವ ಹಳದಿ. ಹಾಗಾಗಿ ‘ಹೈಡ್ರೋಸ್’ ಎನ್ನುವ ಗಂಧಕದ ರಾಸಾಯನಿಕ ಬಳಸುವವರಿದ್ದಾರೆ. ಸಕ್ಕರೆ ಬೆರೆಸುವವರೂ ಇದ್ದಾರೆ. ಕಂದು ಬೆಲ್ಲಕ್ಕೆ ರೇಟು ಕಮ್ಮಿಯಾದರೆ ಪ್ರಾಮಾಣಿಕವಾಗಿ ಕಾಯಿಸಿದವನಿಗೇ ನಷ್ಟ.

ಪ್ರವಾದಿ ಮುಹಮ್ಮದ್(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ಒದ್ದೆ ಇತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಹಾಗಾದರೆ ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದು ಕೇಳಿದ ಪ್ರವಾದಿಯವರು, ವಂಚಿಸುವವನು ನಮ್ಮವನಲ್ಲ ಎಂದರು. ಸಹೀಹ್ ಮುಸ್ಲಿಮಿನಲ್ಲಿರುವ ಈ ಹದೀಸ್ ಮದ್ರಸಕ್ಕೆ ಹೋದವರಿಗೆ ಹೊಸದಲ್ಲ. ಧಾನ್ಯ ನೆನೆದದ್ದು ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು. ಅಳತೆ ತೂಕದಲ್ಲಿ ಮೋಸ ಮಾಡುವವರನ್ನು ಎಚ್ಚರಿಸುವುದಕ್ಕೆಂದೇ ಕುರ್‌ಆನಿನಲ್ಲಿ 83ನೇ ಅಧ್ಯಾಯವಿದೆ.

ಮಾಲಕನಿಗೆ ಇದನ್ನು ಹೇಳುವುದು ಸುಲಭ. ಸಂಬಳಕ್ಕೆ ನಿಂತ ಹುಡುಗನ ಕಷ್ಟವೇ ಬೇರೆ. ‘ಕೇಳಿದ್ರೆ ಕೆಮಿಕಲ್ ಇಲ್ಲ ಅಂತ ಹೇಳು’ ಎಂದು ಧಣಿ ಹೇಳಿದರೆ ಅವನೇನು ಮಾಡಬೇಕು? ಕೆಲಸ ಹೋದರೆ ಮನೆಯಲ್ಲಿ ಉಮ್ಮನ ಮದ್ದಿಗೂ ದುಡ್ಡಿಲ್ಲ. ಸೃಷ್ಟಿಕರ್ತನ ಆಜ್ಞೆ ಮೀರುವ ಕಡೆ ಯಾರಿಗೂ ವಿಧೇಯತೆ ಇಲ್ಲ ಎಂಬುದು ದೀನಿನ ನಿಯಮ. ಹಾಗಂತ ಅಂಗಡಿ ಮುಂದೆ ಜಗಳ ಆಡಬೇಕಿಲ್ಲ. ಧಣಿಯನ್ನು ಒಬ್ಬರೇ ಇದ್ದಾಗ ಕಂಡು, ‘ಕಾಕ, ಎರಡೂ ಬಗೆ ಇಡೋಣ, ಯಾವುದು ಏನು ಅಂತ ಹೇಳಿ ಮಾರೋಣ’ ಎನ್ನಬಹುದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಬಹುದು. ಸುಳ್ಳು ಮಾತ್ರ ಹೇಳಕೂಡದು.

ಇದು ನಮ್ಮ ಧರ್ಮದ ಮಾತು ಮಾತ್ರವಲ್ಲ, ಈ ಕನ್ನಡ ಮಣ್ಣಿನದ್ದೂ ಹೌದು. 12ನೇ ಶತಮಾನದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ವಾಪಸ್ ಕೊಟ್ಟು ಬನ್ನಿ ಎಂದವರು ಪತ್ನಿ ಲಕ್ಕಮ್ಮ. ಮನೆಗೆ ಬರುವ ಗಳಿಕೆ ಹೇಗೆ ಬಂತು ಎಂದು ಕೇಳುವ ಹಕ್ಕು ಮನೆಯವರಿಗಿದೆ ಎಂಬುದು ಆ ಕಥೆಯ ತಿರುಳು. ನಮ್ಮ ಮನೆಗಳಲ್ಲಿ ‘ಎಷ್ಟು ಬಂತು?’ ಎಂಬ ಪ್ರಶ್ನೆಯ ಜೊತೆ ‘ಹೇಗೆ ಬಂತು?’ ಎಂಬುದೂ ಕೇಳಿಬರಲಿ.

ಕೊಳ್ಳುವ ನಮ್ಮ ಮೇಲೂ ಹೊಣೆ ಇದೆ. ಪಾಯಸದ ಬಣ್ಣಕ್ಕಾಗಿ ಹಳದಿಯನ್ನೇ ಕೇಳಿ, ಆಮೇಲೆ ಆಲೆಮನೆಯವರನ್ನು ದೂರಿದರೆ ನ್ಯಾಯವಲ್ಲ. ಮುಂದಿನ ಸಲ ಕಂದು ಬೆಲ್ಲ ಕೇಳಿ, ಅದಕ್ಕೆ ತಕ್ಕ ಬೆಲೆ ಕೊಡಿ. ಕೊಳ್ಳುವವರು, ಮಾರುವವರು ಇಬ್ಬರೂ ಸತ್ಯ ಹೇಳಿ, ಕುಂದು ಮುಚ್ಚಿಡದಿದ್ದರೆ ಆ ವ್ಯವಹಾರದಲ್ಲಿ ಬರಕತ್ ಇದೆ ಎಂದು ಪ್ರವಾದಿಯವರು ಕಲಿಸಿದ್ದಾರೆ.